ಬಾ ಕಲಿತ ಪಾಠ, ಕಲಿಸಿದ ಪಾಠ

ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನಲ್ಲಿ ಒಂದು ಸೀಟು ಸಿಕ್ಕರೆ ಸಾಕೆಂದು ಹಗಲಿರುಳು ಓದುವ ಮಕ್ಕಳಿದ್ದಾರೆ. 1953ರಲ್ಲಿ ಶುರುವಾದ ಕಾಲೇಜು ಅದು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ದಿನವೂ ಸಾವಿರಾರು ಜನ ಓಡಾಡುತ್ತಾರೆ. ಬಡ ಹೆಣ್ಣುಮಕ್ಕಳಿಗಾಗಿ 2004ರಲ್ಲಿ ಆರಂಭವಾದ ವಸತಿ ಶಾಲೆಗಳಿಗೂ ಇದೇ ಹೆಸರು. ಆದರೆ ಯಾರು ಈ ಕಸ್ತೂರಬಾ ಎಂದು ಕೇಳಿ ನೋಡಿ. 'ಗಾಂಧೀಜಿಯ ಹೆಂಡತಿ' ಎಂಬಲ್ಲಿಗೆ ಉತ್ತರ ನಿಂತುಬಿಡುತ್ತದೆ. ಇಷ್ಟೊಂದು ವಿದ್ಯಾಸಂಸ್ಥೆಗಳಿಗೆ ಹೆಸರು ಕೊಟ್ಟ ಆ ತಾಯಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ ಎಂಬುದಂತೂ ಅನೇಕರಿಗೆ ಗೊತ್ತಿಲ್ಲ.

ಕಸ್ತೂರಬಾ ಹುಟ್ಟಿದ್ದು 1869ರ ಏಪ್ರಿಲ್ 11ರಂದು, ಗುಜರಾತಿನ ಪೋರಬಂದರಿನಲ್ಲಿ. ತಂದೆ ವ್ಯಾಪಾರಿ. ಹದಿಮೂರರ ಹರೆಯದಲ್ಲಿ ಮದುವೆ. ವರನಿಗೂ ಅಷ್ಟೇ ವಯಸ್ಸು. ಲೆಕ್ಕ ಹಾಕಿದರೆ ಹೆಂಡತಿಯೇ ಕೆಲವು ತಿಂಗಳು ದೊಡ್ಡವಳು. ಹೆಂಡತಿಗೆ ಓದು ಕಲಿಸಬೇಕೆಂಬ ಆಸೆ ಗಂಡನಿಗಿತ್ತು. ಆದರೆ ಅವಿಭಕ್ತ ಕುಟುಂಬದಲ್ಲಿ ಹಿರಿಯರ ಎದುರು ಹೆಂಡತಿಯನ್ನು ಮಾತನಾಡಿಸುವುದೇ ಕಷ್ಟ, ಪಾಠ ಹೇಳುವುದೆಲ್ಲಿ ಬಂತು! ಮುಂದೆ ಸಾರ್ವಜನಿಕ ಜೀವನಕ್ಕೆ ಇಳಿದ ಮೇಲೆ ಗಾಂಧೀಜಿಗೆ ಪುರುಸೊತ್ತೇ ಇರಲಿಲ್ಲ. ಕಷ್ಟಪಟ್ಟು ಸರಳವಾದ ಕಾಗದ ಬರೆಯುವಷ್ಟು ಗುಜರಾತಿ ಮಾತ್ರ ಆಕೆಗೆ ಬಂತೆಂದು ಅವರು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಅಕ್ಷರ ಕಡಿಮೆಯಾದರೂ ಆಕೆ ಎದುರುತ್ತರ ಕೊಡಲು ಅಂಜಿದವರಲ್ಲ. ದಕ್ಷಿಣ ಆಫ್ರಿಕದಿಂದ 1901ರಲ್ಲಿ ಹೊರಡುವಾಗ ಅಲ್ಲಿನ ಜನ ಆಕೆಗೆ ಚಿನ್ನದ ಸರವೊಂದನ್ನು ಉಡುಗೊರೆಯಾಗಿ ಕೊಟ್ಟರು. ಅದನ್ನು ಹಿಂತಿರುಗಿಸಬೇಕೆಂದು ಗಂಡ ಹಟ ಹಿಡಿದರು. ನಿಮ್ಮ ಸೇವೆಯಲ್ಲಿ ನನ್ನ ದುಡಿಮೆಯೂ ಸೇರಿಲ್ಲವೇ, ನಾಳೆ ಬರುವ ಸೊಸೆಯಂದಿರಿಗೆ ಏನು ಕೊಡಲಿ ಎಂದು ಆಕೆ ವಾದಿಸಿದರು. ಸರ ಹೋಯಿತು, ನಿಜ. ಆದರೆ ಆ ಮಾತುಗಳು ತಮ್ಮನ್ನು ಚುಚ್ಚಿದವೆಂದು ಗಾಂಧೀಜಿಯೇ ಒಪ್ಪಿಕೊಂಡಿದ್ದಾರೆ. ಅಹಿಂಸೆಯ ಮೊದಲ ಪಾಠ ತಮಗೆ ಹೆಂಡತಿಯಿಂದಲೇ ಸಿಕ್ಕಿತೆಂದೂ ಅವರು ಹೇಳಿಕೊಂಡಿದ್ದುಂಟು.

ಕ್ರೈಸ್ತ ವಿಧಿಯಂತೆ ನಡೆಯದ ಮದುವೆಗಳಿಗೆ ಮಾನ್ಯತೆ ಇಲ್ಲವೆಂದು 1913ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕದ ನ್ಯಾಯಾಲಯವೊಂದು ತೀರ್ಪು ಕೊಟ್ಟಿತು. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸು ಕಾನೂನಿನ ಕಣ್ಣಲ್ಲಿ ಹೆಂಡತಿಯೇ ಅಲ್ಲ ಎಂದಾಯಿತು! ಅದೇ ಸೆಪ್ಟೆಂಬರಿನಲ್ಲಿ ಸತ್ಯಾಗ್ರಹಿಗಳ ಮೊದಲ ತಂಡದೊಂದಿಗೆ ಗಡಿ ದಾಟಿ ಕಸ್ತೂರಬಾ ಬಂಧನಕ್ಕೊಳಗಾದರು. ಮೂರು ತಿಂಗಳ ಕಠಿಣ ಶಿಕ್ಷೆ. ಹೊರಬಂದಾಗ ಮೈಯಲ್ಲಿ ಮೂಳೆ, ಚರ್ಮ ಮಾತ್ರ ಉಳಿದಿದ್ದವು.

ಮುಂದೆ 1917ರಲ್ಲಿ ಬಿಹಾರದ ಚಂಪಾರಣಕ್ಕೆ ಹೋದಾಗ ಹಳ್ಳಿಯ ಹೆಂಗಸರು ಬಟ್ಟೆ ಒಗೆದುಕೊಳ್ಳುವುದಿಲ್ಲವೇಕೆ ಎಂದು ವಿಚಾರಿಸುವ ಕೆಲಸ ಬಾ ಪಾಲಿಗೆ ಬಂತು. ಒಬ್ಬಾಕೆ ಅವರನ್ನು ಗುಡಿಸಲಿನೊಳಗೆ ಕರೆದೊಯ್ದು, ನೋಡಿ, ಇಲ್ಲಿ ಬಟ್ಟೆಯ ಪೆಟ್ಟಿಗೆಯೇ ಇಲ್ಲ, ಉಟ್ಟ ಸೀರೆಯೊಂದೇ ನನಗಿರುವುದು, ಒಗೆದರೆ ಏನುಡಲಿ ಎಂದು ಕೇಳಿದಳು. ಬಡತನವೆಂದರೇನು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಯಾವ ಪುಸ್ತಕದಲ್ಲಿದೆ?

ಆಶ್ರಮದವರಿಗೆಲ್ಲ ಆಕೆ 'ಬಾ'. ಗುಜರಾತಿಯಲ್ಲಿ ಹಾಗೆಂದರೆ ತಾಯಿ. ಹೆತ್ತ ನಾಲ್ವರು ಗಂಡುಮಕ್ಕಳ ವಿಷಯದಲ್ಲಿ ಮಾತ್ರ ಆ ತಾಯ್ತನ ಸುಲಭದ್ದಾಗಿರಲಿಲ್ಲ. ತಂದೆ ಮಕ್ಕಳನ್ನು ಶಾಲೆಗೆ ಕಳಿಸಲಿಲ್ಲ. ಬ್ಯಾರಿಸ್ಟರ್ ಆಗಬೇಕೆಂಬ ಹಿರಿಯ ಮಗ ಹರಿಲಾಲನ ಕನಸು ಈಡೇರಲಿಲ್ಲ. ಆತ 1911ರಲ್ಲಿ ಮನೆ ಬಿಟ್ಟ, ಮುಂದೆ ಕುಡಿತಕ್ಕೆ ಬಿದ್ದ. ಗಂಡನ ಆದರ್ಶ ಒಂದು ಕಡೆ, ಮಗನ ಸಂಕಟ ಇನ್ನೊಂದು ಕಡೆ. ನಡುವೆ ಬೆಂದದ್ದು ತಾಯಿಯ ಕರುಳು. ಹರಿಲಾಲನ ಹೆಂಡತಿ 1918ರ ಇನ್‌ಫ್ಲುಯೆಂಜಾದಲ್ಲಿ ತೀರಿಕೊಂಡಾಗ ಆ ತಬ್ಬಲಿ ಮಕ್ಕಳನ್ನು ಮಡಿಲಿಗೆ ಹಾಕಿಕೊಂಡವರು ಈ ಅಜ್ಜಿಯೇ. ಮನೆಯಲ್ಲಿ ಆದರ್ಶಗಳನ್ನು ಹೇರುವಾಗ ಅದರ ಬೆಲೆ ತೆರುವವರು ಯಾರೆಂದು ತಂದೆತಾಯಂದಿರು ಒಮ್ಮೆ ಯೋಚಿಸಬೇಕು.

'ಕ್ವಿಟ್ ಇಂಡಿಯಾ' ಚಳವಳಿ ಆರಂಭವಾದಾಗ, 1942ರ ಆಗಸ್ಟ್ 9ರಂದು ಗಾಂಧೀಜಿಯ ಬಂಧನವಾಯಿತು. ಅಂದು ಸಂಜೆ ಮುಂಬಯಿಯ ಶಿವಾಜಿ ಪಾರ್ಕ್ ಸಭೆಯಲ್ಲಿ ತಾವೇ ಮಾತನಾಡಲು ಹೊರಟ ಬಾ ಅವರನ್ನೂ ಸರ್ಕಾರ ಬಂಧಿಸಿತು. ಪುಣೆಯ ಆಗಾಖಾನ್ ಅರಮನೆಯೇ ಸೆರೆಮನೆ. ಅಲ್ಲಿ, ಎಪ್ಪತ್ತು ದಾಟಿದ ಮೇಲೆ, ಗಂಡ ಮತ್ತೆ ಮೇಷ್ಟರಾದರು, ಹೆಂಡತಿ ವಿದ್ಯಾರ್ಥಿನಿ. ಗುಜರಾತಿ, ಭೂಗೋಳ ಎಲ್ಲದರ ಪಾಠ ನಡೆಯಿತು. ಕಲಿತದ್ದು ಮರುದಿನಕ್ಕೆ ಮರೆತುಹೋಗುತ್ತಿತ್ತು. ಜೊತೆಗಿದ್ದ ಡಾಕ್ಟರ್ ಸುಶೀಲಾ ನಯ್ಯರ್ ತಮ್ಮ ನೆನಪುಗಳಲ್ಲಿ ಒಂದು ನೋಟುಪುಸ್ತಕದ ಪ್ರಸಂಗ ಹೇಳುತ್ತಾರೆ. ಬಾ ಬರೆಯಲು ನೋಟುಪುಸ್ತಕ ಕೇಳಿದರು. ಕೈಬರಹ ಸುಧಾರಿಸಲಿ, ಆಮೇಲೆ ಕೊಡೋಣ ಎಂದರು ಬಾಪು. ಬಾ ಮನಸ್ಸಿಗೆ ನೋವಾಯಿತು. ನಂತರ ಪುಸ್ತಕ ಮುಂದಿಟ್ಟರೂ ಆಕೆ ಅದರಲ್ಲಿ ಬರೆಯಲಿಲ್ಲ.

ಕಲಿಸುವವರೆಲ್ಲ ನೆನಪಿಡಬೇಕಾದ ಪ್ರಸಂಗವಿದು. ಮೊಮ್ಮಕ್ಕಳನ್ನು ಕಂಡ ಅಜ್ಜಿಗೂ ಹೊಸ ಪುಸ್ತಕದ ಆಸೆ ಇರುತ್ತದೆ. ಇನ್ನು ಏಳೆಂಟು ವರ್ಷದ ಮಗುವಿಗೆ ಇರದೇ? 'ಮೊದಲು ನೆಟ್ಟಗೆ ಬರೆ, ಆಮೇಲೆ ನೋಡೋಣ' ಎಂಬ ಒಂದು ಮಾತು ಕಲಿಯುವ ಮನಸ್ಸನ್ನೇ ಮುದುಡಿಸಬಲ್ಲದು.

ಬಾ ಆ ಅರಮನೆಯಿಂದ ಹೊರಬರಲಿಲ್ಲ. 1944ರ ಫೆಬ್ರವರಿ 22ರಂದು, ಗಾಂಧೀಜಿಯ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದರು. ಬಾಪು ನೂತ ನೂಲಿನ ಸೀರೆಯೇ ಕೊನೆಯ ಉಡುಗೆಯಾಯಿತು. ಅರವತ್ತಕ್ಕೂ ಹೆಚ್ಚು ವರ್ಷಗಳ ದಾಂಪತ್ಯ ಅಲ್ಲಿಗೆ ಮುಗಿಯಿತು. ಅರಮನೆಯ ಆವರಣದಲ್ಲಿ ಮಹಾದೇವ ದೇಸಾಯಿ ಅವರ ಸಮಾಧಿಯ ಪಕ್ಕದಲ್ಲೇ ಬಾ ಸಮಾಧಿ ಇದೆ. ಪುಣೆಗೆ ಹೋಗುವ ಶಾಲಾ ಪ್ರವಾಸಗಳು ಅಲ್ಲಿ ಅರ್ಧ ಗಂಟೆ ನಿಂತರೆ ನಷ್ಟವಿಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯಲ್ಲೂ ಒಬ್ಬ ಬಾ ಇರಬಹುದು. ಲೆಕ್ಕ ಬಾರದೆಯೂ ಸಂಸಾರದ ಲೆಕ್ಕ ತಪ್ಪದಂತೆ ನೋಡಿಕೊಂಡವರು, ತಮಗೆ ಸಿಗದ ಓದು ನಿಮಗೆ ಸಿಗಲೆಂದು ಹರಸಿದವರು. ಈ ಭಾನುವಾರ ಅವರ ಪಕ್ಕದಲ್ಲಿ ಕುಳಿತು ಅವರ ಬಾಲ್ಯದ ಕಥೆ ಕೇಳಿ, ಬರೆದಿಟ್ಟುಕೊಳ್ಳಿ. ಅವರಿಗೆ ಅಕ್ಷರ ಕಲಿಯುವ ಆಸೆಯಿದ್ದರೆ ಹೊಸದೊಂದು ನೋಟುಪುಸ್ತಕ ತಂದುಕೊಡಿ. ಕೈಬರಹ ಹೇಗಿದ್ದರೂ ಸರಿ.