ತೆರಿಗೆ ವಕೀಲಿ ವೃತ್ತಿಯೂ ಮನೆಯವರ ತಾಳ್ಮೆಯೂ

ಕಾನೂನು ಪದವಿ ಪಡೆದ ಮಕ್ಕಳು ತೆರಿಗೆಯ ವಿಭಾಗದಲ್ಲಿ ವಕೀಲಿ ಮಾಡುವೆವೆಂದಾಗ ಮನೆಯ ಹಿರಿಯರು ಎರಡು ಸಂಶಯಗಳನ್ನು ಮುಂದಿಡುವುದುಂಟು. ಅದು ಲೆಕ್ಕಪರಿಶೋಧಕರ ಕೆಲಸವಲ್ಲವೇ ಎಂಬುದು ಒಂದು. ಗಳಿಕೆ ಆರಂಭವಾಗುವುದು ಯಾವಾಗ ಎಂಬುದು ಮತ್ತೊಂದು. ಇವೆರಡೂ ಉಪೇಕ್ಷಿಸತಕ್ಕವಲ್ಲ.

ಮೊದಲನೆಯದನ್ನು ವಿಚಾರಿಸೋಣ. ತೆರಿಗೆ ಅಧಿಕಾರಿಯ ಎದುರಿನಲ್ಲಿಯೂ, 1941ರಲ್ಲಿ ಸ್ಥಾಪಿತವಾದ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯಲ್ಲಿಯೂ ಲೆಕ್ಕಪರಿಶೋಧಕರು ಕಕ್ಷಿದಾರರ ಪರವಾಗಿ ನಿಲ್ಲಬಹುದು. ಆದರೆ ಪ್ರಕರಣವು ಉಚ್ಚ ನ್ಯಾಯಾಲಯಕ್ಕೆ ಏರಿದರೆ ವಾದಿಸುವ ಅಧಿಕಾರವು ವಕೀಲರದು. ಅಲ್ಲಿ ಮೇಲ್ಮನವಿಯು ಕಾನೂನಿನ ಮಹತ್ವದ ಪ್ರಶ್ನೆಯೊಂದರ ಮೇಲೆಯೇ ನಿಲ್ಲಬೇಕು. ಆದಕಾರಣ ತರುಣ ವಕೀಲರು ಲೆಕ್ಕಪರಿಶೋಧಕರನ್ನು ಪ್ರತಿಸ್ಪರ್ಧಿಗಳೆಂದು ಬಗೆಯದೆ, ಅಢಾವೆ ಪತ್ರಿಕೆಯನ್ನು ಓದುವ ಬಗೆಯನ್ನು ಅವರಿಂದಲೇ ಕಲಿಯುವುದು ಲೇಸು.

ಕಾಲವೂ ಹೊಸಬರಿಗೆ ಅನುಕೂಲವಾಗಿದೆ. 1961ರ ಆದಾಯ ತೆರಿಗೆ ಅಧಿನಿಯಮದ ಸ್ಥಾನದಲ್ಲಿ, 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ 2025ರ ಅಧಿನಿಯಮವು ರಚಿತವಾಯಿತು. ಅದರ 536 ಕಲಮುಗಳ ಮುಂದೆ ಹಿರಿಯರೂ ಕಿರಿಯರೂ ಒಂದೇ ತರಗತಿಯ ವಿದ್ಯಾರ್ಥಿಗಳು. ಆದರೂ ಹಿಂದಿನ ವರ್ಷಗಳ ವ್ಯಾಜ್ಯಗಳು ಹಳೆಯ ಅಧಿನಿಯಮದಂತೆಯೇ ನಡೆಯತಕ್ಕವಾದ್ದರಿಂದ ಎರಡನ್ನೂ ಅಭ್ಯಾಸ ಮಾಡಬೇಕು. 2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯನ್ನೂ ಬಿಡಲಾಗದು. ಇದಲ್ಲದೆ ಆದಾಯ ತೆರಿಗೆಯ ನಿರ್ಧರಣೆಯು ಈಗ ಬಹುಮಟ್ಟಿಗೆ ಮುಖಾಮುಖಿಯಿಲ್ಲದೆ ಗಣಕಯಂತ್ರದ ಮೂಲಕ ನಡೆಯುತ್ತದೆ. ಅಲ್ಲಿ ಮಾತಿನ ಚಾತುರ್ಯಕ್ಕಿಂತ ನೋಟೀಸಿಗೆ ಬರೆದ ಉತ್ತರದ ಸ್ಪಷ್ಟತೆಯೇ ಕಕ್ಷಿದಾರನನ್ನು ಕಾಯುತ್ತದೆ.

ಇನ್ನು ಗಳಿಕೆಯ ಮಾತು. ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ, ಅಖಿಲ ಭಾರತ ಮಟ್ಟದ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆಯೂ ಹಿರಿಯರ ಕಚೇರಿಯಲ್ಲಿ ಕೆಲವು ವರ್ಷ ಕೈಕೆಳಗೆ ದುಡಿಯುವುದು ಅಗತ್ಯ. ಕಿರಿಯರಿಗೆ ತಿಂಗಳಿಗೆ ನಗರಗಳಲ್ಲಿ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಸೂಚಿಸಿತು. ಅದು ಶಿಫಾರಸೇ ಹೊರತು ಕಡ್ಡಾಯವಾದ ಕಟ್ಟಳೆಯಲ್ಲ. ಆದ್ದರಿಂದ ಆ ವರ್ಷಗಳಲ್ಲಿ ಮನೆಯ ಆಸರೆ ಬೇಕೇ ಬೇಕು. ಮಗನಿಗೆ ಐದು ವರ್ಷ ಕಾಯುವ ತಂದೆತಾಯಿಗಳು ಮಗಳಿಗೆ 'ಮದುವೆಯವರೆಗೆ ಮಾತ್ರ' ಎಂದು ಗಡುವು ಹಾಕುವುದು ನ್ಯಾಯವಲ್ಲವೆಂಬುದು ನಮ್ಮ ಅಭಿಪ್ರಾಯ.

ಕೊನೆಯದಾಗಿ ತರುಣರಿಗೆ ಒಂದು ಮಾತು. ಕಾನೂನು ಕೊಟ್ಟ ವಿನಾಯಿತಿಯನ್ನು ಕೇಳಿ ಪಡೆಯುವುದು ಕಕ್ಷಿದಾರನ ಹಕ್ಕು. ಬಂದ ಆದಾಯವನ್ನು ಮರೆಮಾಚುವುದು ಅಪರಾಧ. ಸುಳ್ಳು ರಸೀದಿಯ ಕಟ್ಟನ್ನು ಹಿಡಿದು ಬರುವ ಕಕ್ಷಿದಾರ, ಕೈ ಬರಿದಾಗಿರುವ ಮೊದಲ ವರ್ಷಗಳಲ್ಲಿಯೇ ಬರಬಹುದು. ಮನೆಯವರು ಗಳಿಕೆಗಾಗಿ ಅವಸರಪಡಿಸದಿದ್ದರೆ, ಆತನನ್ನು ಹಿಂದಕ್ಕೆ ಕಳುಹಿಸುವ ಧೈರ್ಯ ಮಕ್ಕಳಿಗೆ ಬರುತ್ತದೆ. ಹಿರಿಯರು ಇದನ್ನು ಮರೆಯಬಾರದು.