ಕೊಯಿಲಿನ ಕಾಲವೇ ನಾಯಿಮರಿಯ ಪಾಠದ ಕಾಲ

ತೋಟದ ಮನೆಗೆ ನಾಯಿ ಬೇಕೆಂಬುದರಲ್ಲಿ ಬೆಳೆಗಾರ ಬಾಂಧವರಿಗೆ ಎರಡು ಮಾತಿಲ್ಲ. ಕಣದಲ್ಲಿ ಹರಡಿದ ಕಾಫಿಗೂ ಚಪ್ಪರದ ಮೇಲಿನ ಅಡಿಕೆಗೂ ರಾತ್ರಿಯ ಕಾವಲು ಅದೇ. ಆದರೆ ಆ ನಾಯಿಯೇ ಕೊಯಿಲಿಗೆ ಬಂದ ಆಳನ್ನು ಕಚ್ಚಿದರೆ? ಕಚ್ಚಿಸಿಕೊಂಡವರ ಕೂಲಿ ತಪ್ಪುತ್ತದೆ. ಲಸಿಕೆಗಾಗಿ ಆಸ್ಪತ್ರೆಗೆ ಮತ್ತೆ ಮತ್ತೆ ಅಲೆಯಬೇಕಾಗುತ್ತದೆ. ಮರುದಿನ ಆ ಗುಂಪು ಬೇರೆ ತೋಟದ ದಾರಿ ಹಿಡಿದರೂ ಆಶ್ಚರ್ಯವಿಲ್ಲ. ಕೊನೆಗೆ ನಾಯಿಯನ್ನು ಗೋಣಿಚೀಲದಲ್ಲಿ ಕಟ್ಟಿ ಘಾಟಿಯ ತಿರುವಿನಲ್ಲಿ ಬಿಟ್ಟು ಬರುವವರೂ ಉಂಟು. “ಅದರ ಜಾತಿಯೇ ಅಂಥದ್ದು” ಎಂಬ ಸಮಾಧಾನ ಬೇರೆ. ದೋಷ ಬಹುಮಟ್ಟಿಗೆ ಜಾತಿಯದಲ್ಲ, ಮೊದಲ ಮೂರು ತಿಂಗಳ ಸಾಕಣೆಯದು ಎಂಬುದು ನಮ್ಮ ಅಭಿಪ್ರಾಯ.

ಇದು ಬರಿಯ ಊಹೆಯಲ್ಲ. ಅಮೆರಿಕದ ಬಾರ್ ಹಾರ್ಬರಿನ ಜಾಕ್ಸನ್ ಪ್ರಯೋಗಾಲಯದಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಐದು ತಳಿಯ ನಾಯಿಗಳನ್ನು ವರ್ಷಗಟ್ಟಲೆ ಅಭ್ಯಸಿಸಿ 1965ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಮರಿ ಹುಟ್ಟಿದ 3ನೆಯ ವಾರದಿಂದ ಸುಮಾರು 12ನೆಯ ವಾರದವರೆಗೆ ಯಾರನ್ನು, ಯಾವುದನ್ನು ಹೆದರಿಕೆಯಿಲ್ಲದೆ ಕಾಣುತ್ತದೆಯೋ ಅದನ್ನು ತನ್ನ ಲೋಕವೆಂದು ಒಪ್ಪಿಕೊಳ್ಳುತ್ತದೆ. 1961ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, 14 ವಾರದವರೆಗೆ ಮನುಷ್ಯರ ಒಡನಾಟವೇ ಇಲ್ಲದೆ ಬೆಳೆದ ಮರಿಗಳು ಆಮೇಲೆ ಕಾಡುಪ್ರಾಣಿಗಳಂತೆ ದೂರ ಸರಿದವು. ಬೆಳೆಗಾರರಿಗೆ ಇದು ಹೊಸ ಮಾತೇನಲ್ಲ. ತಾಯಿಬೇರು ಡೊಂಕಾದ ಕಾಫಿ ಸಸಿಯನ್ನು ನೆಟ್ಟ ಮೇಲೆ ಎಷ್ಟು ಗೊಬ್ಬರ ಹಾಕಿದರೇನು? ಪಾತಿಯಲ್ಲಿ ತಪ್ಪಿದ್ದು ತೋಟದಲ್ಲಿ ಸರಿಹೋಗುವುದು ಕಷ್ಟ.

ಇಲ್ಲಿ ಒಂದು ಲೆಕ್ಕವನ್ನು ಸದಸ್ಯರ ಗಮನಕ್ಕೆ ತರಬಯಸುತ್ತೇವೆ. ನಮ್ಮ ನಾಡಿನ ನಾಯಿಗಳು ಹೆಚ್ಚಾಗಿ ಭಾದ್ರಪದದ ಸುಮಾರಿಗೆ ಬೆದೆಗೆ ಬರುತ್ತವೆ. ಗರ್ಭದ ಅವಧಿ ಸುಮಾರು 63 ದಿನ. ಕಾರ್ತಿಕದಲ್ಲಿ ಹುಟ್ಟಿದ ಮರಿ ಕಲಿಯುವ ವಯಸ್ಸಿಗೆ ಬರುವಾಗ ಅಡಿಕೆ ಕೊನೆ ಇಳಿಯುತ್ತಿರುತ್ತದೆ, ಅರೇಬಿಕಾ ಹಣ್ಣು ಕೊಯ್ಯುತ್ತಿರುತ್ತಾರೆ. ವರ್ಷದಲ್ಲಿ ಅತಿ ಹೆಚ್ಚು ಜನ ತೋಟದಲ್ಲಿರುವ ಕಾಲವದು. ಕಾಸಿಲ್ಲದೆ ದೊರೆತ ಪಾಠಶಾಲೆ! ಅದೇ ಕಾಲಕ್ಕೆ “ಗಲಾಟೆಯಲ್ಲಿ ಕಾಲಡಿಗೆ ಸಿಗುತ್ತದೆ” ಎಂದು ಮರಿಯನ್ನು ಗೋದಾಮಿನ ಹಿಂದೆ ಕಟ್ಟಿಹಾಕುವುದು ಅನೇಕ ತೋಟಗಳ ರೂಢಿ. ಮಕ್ಕಳು ಕೋಲಿನಿಂದ ತಿವಿಯುತ್ತಾರೆ, ದಾರಿಹೋಕರು ಗದರುತ್ತಾರೆ. ಶಿವರಾತ್ರಿಯ ಹೊತ್ತಿಗೆ ಅದರ ಪಾಲಿಗೆ ಹೊಸಬರೆಲ್ಲ ಶತ್ರುಗಳು.

ಮಾಡಬೇಕಾದದ್ದು ದೊಡ್ಡ ಕೆಲಸವಲ್ಲ. ಮರಿಯನ್ನು ಎಂಟು ವಾರ ತಾಯಿಯ ಜೊತೆಗೇ ಬಿಡಿ; ಆದರೆ ಮೂರನೆಯ ವಾರದಿಂದಲೇ ದಿನವೂ ಎತ್ತಿ ಆಡಿಸಿ. ಕಿವಿ, ಬಾಯಿ, ಪಾದ ಮುಟ್ಟಿಸಿಕೊಳ್ಳುವ ಅಭ್ಯಾಸವಾಗಲಿ. ಮೇಸ್ತ್ರಿ, ಕೊನೆಗಾರ, ಲೈನಿನ ಹೆಂಗಸರು, ಮಕ್ಕಳು, ಅಂಚೆಯವರು ಒಬ್ಬೊಬ್ಬರಾಗಿ ಒಂದು ಚೂರು ರೊಟ್ಟಿ ಕೊಡಲಿ. ಪಲ್ಪರ್, ಅಡಿಕೆ ಸುಲಿಯುವ ಯಂತ್ರ, ಕಳೆ ಕತ್ತರಿಸುವ ಯಂತ್ರಗಳ ಸದ್ದನ್ನು ಮೊದಲು ದೂರದಿಂದ ಕೇಳಿಸಿ. ಮಳೆಗಾಲದ ಪ್ಲಾಸ್ಟಿಕ್ ಕೊಪ್ಪೆಯನ್ನೂ ಹೆಲ್ಮೆಟ್ಟನ್ನೂ ಈಗಲೇ ತೋರಿಸಿ. ಹೆದರಿದರೆ ಎಳೆದೊಯ್ಯಬೇಡಿ, ಹಿಂದೆ ಸರಿಯಲು ಬಿಡಿ. ಹೆಸರು ಕರೆದಾಗ ಬರುವುದನ್ನು ದಿನಕ್ಕೆ ಐದು ನಿಮಿಷ ಕಲಿಸಿದರೆ ಸಾಕು. ಹೊಡೆತದಿಂದ ಮರಿ ಕಲಿಯುವುದು ಒಂದೇ: ಮನುಷ್ಯರ ಕೈ ಕೆಟ್ಟದ್ದು ಎಂದು.

ರೋಗದ ಭಯವೂ ನ್ಯಾಯವಾದದ್ದೇ. ಪಾರ್ವೊ, ಡಿಸ್ಟೆಂಪರ್ ಲಸಿಕೆಗಳನ್ನು 6ರಿಂದ 8ನೆಯ ವಾರದಲ್ಲಿ ಆರಂಭಿಸಿ, ವೈದ್ಯರು ಹೇಳಿದಂತೆ ಪೂರೈಸಬೇಕು. ಅಲ್ಲಿಯವರೆಗೆ ಬೀದಿನಾಯಿಗಳು ಓಡಾಡುವಲ್ಲಿ ನೆಲಕ್ಕೆ ಬಿಡದೆ ಎತ್ತಿಕೊಂಡೇ ತೋರಿಸಬಹುದು. ಮೂರು ತಿಂಗಳಿಗೆ ರೇಬೀಸ್ ಲಸಿಕೆ ಕಡ್ಡಾಯವಾಗಿ ಆಗಲಿ. ಪಳಗಿದ ನಾಯಿಗೂ ಅದು ಬೇಕು. ಯಾರಿಗಾದರೂ ನಾಯಿ ಕಚ್ಚಿದರೆ ಗಾಯವನ್ನು 15 ನಿಮಿಷ ಸೋಪು ನೀರಿನಲ್ಲಿ ತೊಳೆದು, ಸುಣ್ಣ ಅರಿಶಿನ ಹಚ್ಚದೆ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

“ಎಲ್ಲರ ಸ್ನೇಹ ಬೆಳೆಸಿದ ನಾಯಿ ಕಾವಲಿಗೆ ಬಂದೀತೇ?” ಎಂದು ಕೆಲವು ಹಿರಿಯರು ಕೇಳುತ್ತಾರೆ. ಪ್ರಶ್ನೆ ಸಹಜ. ಆದರೆ ಕಂಡವರಿಗೆಲ್ಲ ಬೊಗಳುವ ನಾಯಿಯ ಬೊಗಳುವಿಕೆಗೆ ಮನೆಯವರು ಏಳುವುದೇ ಇಲ್ಲ. ಹಗಲಿನ ಆಳನ್ನು ಬಲ್ಲ ನಾಯಿ ನಡುರಾತ್ರಿ ಕಣದ ಬಳಿ ಬೊಗಳಿದರೆ ಲಾಟೀನು ಹಿಡಿಯಲೇಬೇಕು, ಈಗಿನ ಮಾತಿನಲ್ಲಿ ಟಾರ್ಚು. ಕಾವಲೆಂದರೆ ವಿವೇಚನೆಯೇ ಹೊರತು ಹೆದರಿಕೆಯಲ್ಲ.

ನಮ್ಮ ಸಂಘದ ಪ್ರತಿಯೊಂದು ಶಾಖೆಯೂ ಪುಷ್ಯ ಮಾಸದಲ್ಲಿ ಒಂದು ದಿನ ಪಶುವೈದ್ಯರನ್ನು ಕರೆಸಿ ಮರಿಗಳಿಗೆ ಲಸಿಕೆ ಹಾಕಿಸಲಿ ಎಂದು ಸೂಚಿಸುತ್ತೇವೆ. ಲೈನ್ ಮನೆಗಳ ಮರಿಗಳನ್ನೂ ಅಂದು ಮರೆಯಬಾರದು. ಕೊಯಿಲಿಗೆ ಬರುವವರು ಗೇಟು ದಾಟುವಾಗ ಕೈಯಲ್ಲಿ ಕಲ್ಲು ಹಿಡಿಯದೆ ಬರುವಂತಾಗಬೇಕು. ಆಳಿನ ಅಭಾವದ ಈ ದಿನಗಳಲ್ಲಿ ಅದೂ ತೋಟಕ್ಕೆ ಒಂದು ಒಳ್ಳೆಯ ಹೆಸರೇ.