ಎಳೇ ಪು-ಎರ್‌ಗೆ ಮುದುಕನ ವೇಷ ಯಾಕೆ?

"ಹಳೇದಾದಷ್ಟೂ ಒಳ್ಳೇದು" ಅನ್ನೋ ಮಾತು ಚಹಾದಲ್ಲೂ ಇದೆ. ನಮಗೇನೂ ಹೊಸ ಮಾತಲ್ಲ ಬಿಡಿ. ಅಕ್ಕಿ ಹಳೇದಾದರೆ ಅನ್ನ ಉದುರುದುರು, ಉಪ್ಪಿನಕಾಯಿ ಹಳೇದಾದರೆ ಜ್ವರದ ಬಾಯಿಗೂ ರುಚಿ. ಆದರೆ ಇದೇ ಅಳತೆಗೋಲನ್ನು ಅಗ್ಗದ, ಎಳೇ ವಯಸ್ಸಿನ ಮಾಗಿದ ಪು-ಎರ್ ಚಹಾಕ್ಕೂ ಹಿಡಿದು "ಇದಿನ್ನೂ ಎಳಸು, ಹತ್ತು ವರ್ಷ ಎತ್ತಿಡಿ" ಅನ್ನೋರಿದ್ದಾರಲ್ಲ, ಅವರ ಜೊತೆ ನನ್ನದೊಂದು ತಕರಾರಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಪು-ಎರ್ ಚೀನಾದ ಯುನ್ನಾನ್ ಪ್ರಾಂತ್ಯದ್ದು. ಗಿಡ ನಮ್ಮ ಅಸ್ಸಾಂ ಚಹಾದ ದೊಡ್ಡೆಲೆ ಜಾತಿಯದೇ. ಎಲೆಯನ್ನು ಬಿಸಿಲಲ್ಲಿ ಒಣಗಿಸಿ, ಹಬೆ ಕೊಟ್ಟು, ಬೆರಣಿ ಹಾಗೆ ಒತ್ತಿ ಬಿಲ್ಲೆ ಮಾಡ್ತಾರೆ. ರೂಢಿಯ ಬಿಲ್ಲೆ 357 ಗ್ರಾಂ. ಎಳೇದಿದ್ದಾಗ ಬಾಯಿ ಕಟ್ಟುವಷ್ಟು ಕಹಿ, ಒಗರು. ವರ್ಷಗಟ್ಟಲೆ ಇಟ್ಟರೆ ಮೆತ್ತಗಾಗುತ್ತೆ. ಹಾಂಗ್‌ಕಾಂಗ್‌ನ ಗಿರಾಕಿಗಳಿಗೆ ಆ ಹಳೇ ರುಚಿಯೇ ಬೇಕು. ಅಷ್ಟು ವರ್ಷ ಕಾಯೋರು ಯಾರು?

ಅದಕ್ಕೇ 1973ರಲ್ಲಿ ಕುನ್ಮಿಂಗ್ ಚಹಾ ಕಾರ್ಖಾನೆಯವರು ಒಂದು ಉಪಾಯ ಹೂಡಿದರು. ಎಲೆಯನ್ನು ರಾಶಿ ಹಾಕಿ, ನೀರು ಚಿಮುಕಿಸಿ, ಬಟ್ಟೆ ಹೊದಿಸಿ, ಆಗಾಗ ಮಗುಚುತ್ತಾ ಒಂದೂವರೆ-ಎರಡು ತಿಂಗಳು ಬಿಡೋದು. ಸೂಕ್ಷ್ಮಜೀವಿಗಳು ಕೆಲಸ ಶುರುಮಾಡಿ ರಾಶಿ ಒಳಗೊಳಗೇ ಬಿಸಿಯಾಗುತ್ತೆ... ಹೌದು, ನಮ್ಮ ಗೊಬ್ಬರದ ಗುಂಡಿಯ ತತ್ವವೇ! ಎಲೆ ಕಪ್ಪಾಗಿ ಒಗರು ಇಳಿಯುತ್ತೆ. ಇದೇ ಮಾಗಿದ ಪು-ಎರ್, ಚೀನೀಯರ ಬಾಯಲ್ಲಿ 'ಶೌ'.

ಅಂದರೆ, ಕಾಯೋದು ತಪ್ಪಲಿ ಅಂತಲೇ ಹುಟ್ಟಿದ ಚಹಾ ಇದು. ಅದನ್ನು ಕೊಂಡ ಮೇಲೂ ಹತ್ತು ವರ್ಷ ಕಾಯಿರಿ ಅನ್ನೋದು, ಕುಕ್ಕರ್‌ನಲ್ಲಿ ಬೆಂದ ಬೇಳೆಯನ್ನು ಮತ್ತೆ ಸೌದೆ ಒಲೆ ಮೇಲಿಟ್ಟ ಹಾಗೆ.

ನಾನೀಗ ಕುಡೀತಿರೋದು ಎರಡು ವರ್ಷದ ಅಗ್ಗದ ಬಿಲ್ಲೆ. ಮುಚ್ಚುಮರೆ ಇಲ್ಲದೆ ಹೇಳ್ತೀನಿ. ಕಾಗದ ಬಿಚ್ಚಿದರೆ ಮೊದಲು ಬರೋದು ಮುಗ್ಗಲು ವಾಸನೆ, ಮಳೆಗಾಲದಲ್ಲಿ ಅಟ್ಟದ ಮೇಲಿನ ಗೋಣಿಚೀಲದ್ದು. ಅದರ ಹಿಂದೆಯೇ ತುಸು ಮೀನಿನ ವಾಸನೆ. ಅದು ರಾಶಿ ಹಾಕಿದ್ದರ ಗುರುತು. ಬಿಡಿಸಿಟ್ಟು ಕೆಲವು ವಾರ ಗಾಳಿಯಾಡಿಸಿದರೆ ಬಹುಪಾಲು ಇಳಿಯುತ್ತೆ. 5 ಗ್ರಾಂ ಎಲೆಗೆ 100 ಮಿಲಿ ಕುದಿಯೋ ನೀರು. ಮೊದಲ ನೀರು ಚೆಲ್ಲಿ, ಮತ್ತೆ ಹಾಕಿ 10 ಸೆಕೆಂಡಿಗೆ ಬಸಿಯಿರಿ. ಬಣ್ಣ ನಮ್ಮ ಡಿಕಾಕ್ಷನ್ನೇ! ರುಚಿಯಲ್ಲಿ ಬೀಟ್‌ರೂಟ್ ಬೇಯಿಸಿದ ನೀರಿನ ಸಿಹಿ, ಹಸಿ ಮಣ್ಣು, ಒಣ ಮರ. ಕಹಿ ಇಲ್ಲ, ಒಗರಿಲ್ಲ. ಏಳನೇ ಸಲಕ್ಕೆ ಬರೀ ಬಣ್ಣದ ನೀರು. ಆಳ ಇಲ್ಲ, ನುಂಗಿದ ಮೇಲೆ ಬಾಯಲ್ಲಿ ನಿಲ್ಲೋದೂ ಇಲ್ಲ. ಆದರೆ ಊಟ ಜಾಸ್ತಿಯಾದ ಮಧ್ಯಾಹ್ನಕ್ಕೆ ಇದಕ್ಕಿಂತ ಹೆಚ್ಚು ಏನು ಬೇಕು? ಒಂದು ಬಿಲ್ಲೆ ಎಪ್ಪತ್ತು ಸಲಕ್ಕೆ ಬರುತ್ತೆ, ಲೆಕ್ಕ ಹಾಕಿ.

ಎತ್ತಿಡೋ ಸಲಹೆಯಂತೂ ನಮ್ಮ ಮುಂಬಯಿಗೆ ಒಗ್ಗೋದೇ ಇಲ್ಲ. ಇಲ್ಲಿನ ಜೂನ್-ಜುಲೈನಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತೆ, ಚಹಾ ಬಿಟ್ಟೀತೇ? ಮೇಲಾಗಿ ಚಹಾ ಸಿಕ್ಕಿದ ವಾಸನೆಯೆಲ್ಲ ಹೀರುತ್ತೆ. ಒಂದೇ ಕಪಾಟಿನಲ್ಲಿ ಇಂಗು, ಸಾರಿನಪುಡಿ ಇಟ್ಟುಕೊಂಡು ಬಾಳೋ ನಮ್ಮ ಅಡುಗೆಮನೆಗಳಲ್ಲಿ ಹತ್ತು ವರ್ಷ ಇಟ್ಟರೆ ಕೊನೆಗೆ ಸಿಗೋದು ಇಂಗಿನ ಚಹಾ!

ವಯಸ್ಸಿಗೆ ದುಡ್ಡು ಸುರಿಯೋರಿಗೆ ಇನ್ನೊಂದು ಮಾತು. ಕಾಗದದ ಮೇಲೆ 7572 ಅಂತ ಕಂಡರೆ 1975ರ ಚಹಾ ಅಂತ ಹಿಗ್ಗಬೇಡಿ. 75 ಅನ್ನೋದು ಆ ಮಿಶ್ರಣ ರೂಪಿಸಿದ ವರ್ಷ, 7 ಎಲೆಯ ದರ್ಜೆ, 2 ಮೆಂಗ್‌ಹಾಯ್ ಕಾರ್ಖಾನೆಯ ಸಂಖ್ಯೆ. ಹೋದ ವರ್ಷ ಒತ್ತಿದ ಬಿಲ್ಲೆಗೂ ಅದೇ ಸಂಖ್ಯೆ. ಇನ್ನು ಚೀನಾದಲ್ಲೇ ಏನಾಯ್ತು ನೋಡಿ. 2007ರಲ್ಲಿ ಸಿಮಾವೊ ನಗರ ತನ್ನ ಹೆಸರನ್ನೇ ಪು-ಎರ್ ಅಂತ ಬದಲಿಸಿಕೊಂಡಿತು. ಅದೇ ವರ್ಷ ಚಹಾದ ಬೆಲೆ ಹುಚ್ಚೆದ್ದು ಏರಿ, ಧಡಕ್ಕನೆ ಕುಸಿಯಿತು. ಕುಡಿಯೋಕೆ ಅಂತ ಕೊಂಡವರ ಬಳಿ ಚಹಾ ಉಳೀತು, ಮಾರೋಕೆ ಅಂತ ಕೂಡಿಟ್ಟವರು ತಲೆ ಮೇಲೆ ಕೈ ಹೊತ್ತು ಕೂತರು.

ಹಳೇ ಚಹಾ ಚೆನ್ನಾಗಿರೋಲ್ಲ ಅಂತ ನಾನು ಹೇಳ್ತಿಲ್ಲ. ನಂಬಿಕಸ್ತರ ಕೈಯಿಂದ ಸಿಕ್ಕರೆ ಖಂಡಿತ ಕುಡೀರಿ. ಆದರೆ ನಾವೇ ಪರೀಕ್ಷಿಸಲಾಗದ ವಯಸ್ಸಿಗೆ ಬೆಲೆ ಕೊಡೋದಕ್ಕಿಂತ, ನಾಲಿಗೆ ಪರೀಕ್ಷಿಸಬಲ್ಲ ರುಚಿಗೆ ಕೊಡೋದು ಲೇಸು. ಅಗ್ಗದ ಚಹಾವನ್ನು ಅಗ್ಗದ ಚಹಾ ಅಂತಲೇ ಕುಡಿದರೆ ಅದು ಮೋಸ ಮಾಡೋಲ್ಲ. ನಿಮ್ಮ ಕಪಾಟಿನಲ್ಲೂ ಇಂಥ ಬಿಲ್ಲೆ ಬಿದ್ದಿದೆಯಾ? ಮಳೆಗಾಲಕ್ಕೆ ಮುಂಚೆ ಒಡೆದುಬಿಡಿ. ಏನಂತೀರಿ?